ಹನ್ನೆರಡು ನಡೆಗಳ ಪಂಡಿತ

ನನಗೆ ದಡ್ಡರನ್ನು ಕಂಡರೆ ಆಗುವುದಿಲ್ಲ. ಇದು ಒಳ್ಳೆಯ ಗುಣವಲ್ಲ ಎಂದು ನನ್ನ ಹೆಂಡತಿ ಮದುವೆಯಾದಾಗಿನಿಂದ ಹೇಳುತ್ತಿದ್ದಾಳೆ. ಅವಳನ್ನೂ ನಾನು ಅದೇ ಗುಂಪಿಗೆ ಸೇರಿಸಿದ್ದೇನೆ. ತೊಂಬತ್ತರ ದಶಕದ ಕೊನೆಯಲ್ಲಿ, ಅರಸೀಕೆರೆಯಲ್ಲಿ ಗುಮಾಸ್ತನಾಗಿದ್ದಾಗ, ರೈಲ್ವೆ ಸ್ಟೇಷನ್ನಿನಲ್ಲಿ ಚೆಸ್ ಪುಸ್ತಕವೊಂದನ್ನು ಕೊಂಡ ಮೇಲಂತೂ ಈ ಕಾಯಿಲೆ ಜೋರಾಯಿತು. ಅದರಲ್ಲಿದ್ದ ಸ್ಪ್ಯಾನಿಷ್ ಓಪನಿಂಗ್ ಎಂಬ ಆರಂಭದ ಪಟ್ಟಿನ ಮೊದಲ ಹನ್ನೆರಡು ನಡೆಗಳನ್ನು ಬಾಯಿಪಾಠ ಮಾಡಿದೆ. ಬಚ್ಚಲಲ್ಲಿ ಮಂತ್ರದ ಬದಲು ಅದನ್ನೇ ಹೇಳುತ್ತಿದ್ದೆ.

ಆ ವರ್ಷ ನೌಕರರ ತಾಲ್ಲೂಕು ಚೆಸ್ ಪಂದ್ಯ. ಮೊದಲು ಬಂದವನು ಹಾಸನದ ಜಿಲ್ಲಾ ಪಂದ್ಯಕ್ಕೆ. ನಾನೇ ಹೋಗುವವನೆಂದು ಇಡೀ ಕಚೇರಿಗೆ ಸಾರಿ, ಭಾವಮೈದುನನ ಸೂಟ್‌ಕೇಸನ್ನೂ ತಂದಿಟ್ಟುಕೊಂಡಿದ್ದೆ. ಕೊನೆಯ ಸುತ್ತಿನ ಎದುರಾಳಿ ಕಣಕಟ್ಟೆಯ ಶಾಲೆಯೊಂದರ ಜವಾನ ಬಸಣ್ಣ. ಅದು ಹೇಗೋ ಆತ ನನಗಿಂತ ಅರ್ಧ ಅಂಕ ಮುಂದಿದ್ದ. ಆತನಿಗೆ ಡ್ರಾ ಆದರೂ ಸಾಕು, ನಾನು ಗೆಲ್ಲಲೇಬೇಕು. ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಮನೆ ಗೀಚಿ ಕಲಿತ ಆಟವಂತೆ. ಅವರೂರಲ್ಲಿ ಕಾಲಾಳು ಒಂದೊಂದೇ ಮನೆ ನಡೆಯುತ್ತದಂತೆ. ಎದುರಾಳಿಯ ರಾಜನಿಗೆ ಚೆಕ್ಕೂ ಇಲ್ಲದೆ, ಹೋಗಲು ಮನೆಯೂ ಇಲ್ಲದಂತೆ ಆಡಿಬಿಟ್ಟರೆ, ಆಡಿದವನು ನಡೆ ವಾಪಸ್ ತೆಗೆದುಕೊಂಡು ಬೇರೆ ಆಡಬೇಕಂತೆ. ನನಗೆ ನಗು ತಡೆಯಲಿಲ್ಲ.

"ಅದೆಲ್ಲ ಜಗಲಿ ಆಟ ಕಣ್ರೀ ಬಸಣ್ಣ. ಇಲ್ಲಿ ಪುಸ್ತಕದ ಆಟ" ಎಂದೆ. ಆತ ತಲೆಯಾಡಿಸಿದ.

ನಾನು ಗತ್ತಿನಿಂದ ಕಾಲಾಳನ್ನು ಎರಡು ಮನೆ ನೂಕಿದರೆ, ಆತ ತನ್ನದನ್ನು ಒಂದೇ ಮನೆ ನೂಕಿದ. ನನ್ನ ಪುಸ್ತಕದ ಪ್ರಕಾರ ಅದೂ ಎರಡು ಮನೆ ಬರಬೇಕಿತ್ತು. ಬಾಯಿಪಾಠ ಅಲ್ಲಿಗೇ ನಿಂತಿತು. ಆದರೂ ಎರಡು ಗಂಟೆಯೊಳಗೆ ಆತನ ಆನೆ, ಕುದುರೆ, ಒಂಟೆ ಎಲ್ಲವನ್ನೂ ತಿಂದು ಮುಗಿಸಿದೆ. ಸುಮ್ಮನೆ ಗೆದ್ದರೆ ಅವಮಾನ ಸಾಲದೆಂದು ಕಾಲಾಳೊಂದನ್ನು ಕೊನೆಯ ಸಾಲಿಗೆ ಮುಟ್ಟಿಸಿ ಇನ್ನೊಬ್ಬ ಮಂತ್ರಿಯನ್ನೂ ಮಾಡಿಕೊಂಡೆ. ಮೂಲೆಯಲ್ಲಿ ರಾಜ, ಪಕ್ಕದಲ್ಲೊಂದು ಕಾಲಾಳು, ಅಷ್ಟೇ ಆತನ ಆಸ್ತಿ. ಆ ಕಾಲಾಳನ್ನೂ ತಂದು ನನ್ನ ಮಂತ್ರಿಯ ಬಾಯಿಗಿಟ್ಟ. ಎಂಥ ದಡ್ಡ ಎಂದುಕೊಂಡು ತಿಂದೆ.

ಬಸಣ್ಣ ಕೈಕಟ್ಟಿ ಕೂತ. ರಾಜನಿಗೆ ಚೆಕ್ ಇಲ್ಲ, ಹೋಗಲು ಮನೆಯೂ ಇಲ್ಲ. ತೀರ್ಪುಗಾರರು ಬಂದು ನೋಡಿ, ನಿಯಮದಂತೆ ಇದು ಡ್ರಾ ಎಂದು ಬರೆದುಕೊಂಡರು. ನಾಚಿಕೆ ಬಿಟ್ಟು, ನಿಮ್ಮೂರಿನ ಪದ್ಧತಿಯಂತೆ ಈ ನಡೆ ವಾಪಸ್ ತೆಗೆದುಕೊಳ್ಳಲೇ ಎಂದು ಬಸಣ್ಣನನ್ನು ಮೆಲ್ಲಗೆ ಕೇಳಿದೆ.

"ಜಗಲಿ ಮ್ಯಾಲಾಗಿದ್ರೆ ನಾನೇ ತಗಳ್ಳಿ ಅಂತಿದ್ದೆ ಸಾ. ಇದು ಪುಸ್ತಕದ ಆಟ ಅಲ್ವಾ?"

ಹೊರಡುವಾಗ ನನ್ನ ಕಂಕುಳಲ್ಲಿದ್ದ ಚೆಸ್ ಪುಸ್ತಕವನ್ನು ನೋಡಿ, ಅದನ್ನು ಓದಿ ಮುಗಿದಿದ್ದರೆ ಹಾಸನಕ್ಕೆ ಒಯ್ಯುತ್ತೇನೆ ಎಂದು ವಿನಯದಿಂದಲೇ ಕೇಳಿದ. ಇಲ್ಲವೆನ್ನಲು ಮುಖವಿರಲಿಲ್ಲ, ಕೊಟ್ಟೆ. ಆತ ಅಲ್ಲೇ ನಿಂತು, ಆಟ ಮುಗಿಸುವ ಬಗೆ ಹೇಳುವ ಕೊನೆಯ ಅಧ್ಯಾಯವನ್ನು ತೆಗೆಯಲು ನೋಡಿದ. ಪ್ರೆಸ್ಸಿನವರು ಅಂಚು ಕತ್ತರಿಸದೆ ಬಿಟ್ಟ ಆ ಹಾಳೆಗಳು ಇನ್ನೂ ಕೂಡಿಕೊಂಡೇ ಇದ್ದವು.