ಮೂತಿ ಮುಚ್ಚುವ ವಿದ್ಯೆ

ನಾನು ಮಿಲಿಟರಿಯಲ್ಲಿ ಕಲಿತು ಬಂದ ವಿದ್ಯೆಗೂ ನಮ್ಮ ಕಡೆ ಜನಕ್ಕೂ ಎಣ್ಣೆ ಸೀಗೇಕಾಯಿ. ಹಾಗಾಗಿ ಇಂಥವು ನಡೀತಾನೇ ಇರುತ್ತವೆ. ವಿಷದ ಗಾಳಿ, ರೋಗದ ಪುಡಿ, ಅಣುಬಾಂಬಿನ ಬೂದಿ, ಈ ಮೂರರಿಂದ ಜೀವ ಉಳಿಸಿಕೊಳ್ಳೋದು ಹೇಗೆ ಅಂತ ಸರ್ಕಾರ ನನಗೆ ಅನ್ನ ಹಾಕಿ ಕಲಿಸಿತು. ಶತ್ರು ಒಂದು ದಿನವೂ ನನ್ನ ಮೇಲೆ ಏನೂ ಬಿಡಲಿಲ್ಲ. ರಿಟೈರಾಗಿ ಗುಂಡ್ಲುಪೇಟೆ ಪಕ್ಕದ ನಮ್ಮೂರಿಗೆ ಬಂದು ನೋಡಿದರೆ, ನನ್ನ ತಮ್ಮ ಬೆನ್ನಿಗೆ ಟ್ಯಾಂಕ್ ಕಟ್ಟಿಕೊಂಡು, ಬರಿ ಮೂಗಲ್ಲಿ, ಕಂಡವರ ಹೊಲಕ್ಕೆಲ್ಲ ಕೂಲಿಗೆ ಕೀಟನಾಶಕ ಹೊಡೀತಿದ್ದ. ಸಂಜೆ ಆದರೆ ಕೆಮ್ಮು. ಮುದ್ದೆ ಮುರಿಯೋಕೂ ಕೈ ನಡುಗೋದು. ಇವನ ಮೂಗು ಮುಚ್ಚಿಸಬೇಕು, ಇಲ್ಲದಿದ್ದರೆ ಇವನು ಉಳಿಯಲ್ಲ ಅನ್ನಿಸಿತು. ಕಲಿತ ವಿದ್ಯೆಗೆ ಕೊನೆಗೂ ಒಂದು ಕೆಲಸ ಸಿಕ್ಕಿತು ಅಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಹೊಗೆಕೋಣೆ

ಮೊದಲು ಆ ತರಬೇತಿಯ ಕಥೆ ಕೇಳಿ. ಅಲ್ಲೊಂದು ಹೊಗೆಕೋಣೆ ಇತ್ತು. ಒಳಗೆ ಕಣ್ಣು, ಮೂಗು, ಗಂಟಲು ಎಲ್ಲ ಉರಿಸುವ ಹೊಗೆ. ಮಾಸ್ಕ್ ಹಾಕಿಕೊಂಡು ಒಳಗೆ ಹೋಗಬೇಕು, ಅಲ್ಲಿ ಅದನ್ನು ತೆಗೆದು ಉಸ್ತಾದರ ಮುಂದೆ ಹೆಸರು, ನಂಬರು, ಊರು ಹೇಳಿ ಆಚೆ ಓಡಿಬರಬೇಕು. ಮಾಸ್ಕ್ ಇಲ್ಲದಿದ್ದರೆ ಏನಾಗುತ್ತೆ ಅಂತ ನಮಗೆ ಗೊತ್ತಾಗಲಿ ಅಂತ. ಉಸ್ತಾದ್ ಅಂದರೆ ಕಲಿಸುವ ಮೇಷ್ಟ್ರು, ಉತ್ತರದ ಕಡೆಯವರು. ಅವರ ಮಾಸ್ಕ್ ಅವರ ಮುಖದ ಮೇಲೆ ಭದ್ರವಾಗಿತ್ತು.

ನನ್ನ ಮುಂದಿದ್ದವನು "ದಿಲ್ಲಿ" ಅಂದ, ಹೋದ. ನಾನು "ಗುಂಡ್ಲುಪೇಟೆ" ಅಂದೆ.

"ಅದೆಲ್ಲಿ ಬರುತ್ತೆ?" ಅಂದರು ಉಸ್ತಾದ್.

"ಚಾಮರಾಜನಗರ ಜಿಲ್ಲೆ ಸಾಬ್."

"ಅದೆಲ್ಲಿ?"

"ಮೈಸೂರು ಪಕ್ಕ ಸಾಬ್." ಮೂಗಲ್ಲಿ, ಕಣ್ಣಲ್ಲಿ ನೀರು ಧಾರಾಕಾರ.

"ಅಲ್ಲಿ ಏನು ಫೇಮಸ್ಸು?"

"ಬಂಡೀಪುರ ಸಾಬ್."

"ಓಹೋ. ಹುಲಿ ನೋಡಿದ್ದೀಯಾ?"

"ನೋಡಿದ್ದೀನಿ ಸಾಬ್" ಅಂದು ಬಾಗಿಲ ಕಡೆ ಬಿದ್ದೆ. ಆವತ್ತಿನವರೆಗೂ ನಾನು ಹುಲಿಯ ಬಾಲ ಕೂಡ ಕಂಡವನಲ್ಲ. ಇಲ್ಲ ಅಂದಿದ್ದರೆ, ಪಕ್ಕದಲ್ಲೇ ಇದ್ದು ಯಾಕೆ ನೋಡಿಲ್ಲ ಅಂತ ಕೇಳ್ತಿದ್ದರು.

ನೀರು ಬಂತು ಅಂತ ತಿಳ್ಕೊಳ್ಳಿ

ಇನ್ನೊಂದು ದಿನ ರೋಗದ ಪುಡಿಯ ಪಾಠ. ಬೇಸಿಗೆ. ಮೈತುಂಬ ದಪ್ಪ ಸೂಟು, ಕೈಗೆ ರಬ್ಬರ್ ಗ್ಲೌಸು. ರೋಗಾಣು ಬದಲಿಗೆ ನಮ್ಮ ಮೇಲೆ ಮೈದಾಹಿಟ್ಟು ಎರಚಿದರು. ಅದನ್ನು ಕ್ರಮವಾಗಿ ತೊಳೆದು, ಸೂಟು ಬಿಚ್ಚಿ, ಮೈಗೆ ಒಂದು ಕಣವೂ ತಾಗದ ಹಾಗೆ ಈಚೆ ಬಂದರೆ ಪಾಸು. ನೀರಿನ ಟ್ಯಾಂಕರ್ ಬರಲಿಲ್ಲ. ಕಾದೆವು, ಬರಲಿಲ್ಲ.

"ನೀರು ಬಂತು ಅಂತ ತಿಳ್ಕೊಳ್ಳಿ" ಅಂದರು ಸಾಹೇಬರು.

ತಿಳ್ಕೊಂಡೆವು. ಗಾಳಿಯಲ್ಲೇ ಬಕೆಟ್ ಎತ್ತಿದೆವು, ಗಾಳಿಯಲ್ಲೇ ಸುರಿದೆವು. ನನ್ನ ಬೆನ್ನು ಉಜ್ಜುತ್ತಿದ್ದ ತಮಿಳಿನವನು ಬಲೇ ನಿಷ್ಠಾವಂತ. ಖಾಲಿ ಕೈಯಲ್ಲಿ ಉಜ್ಜುತ್ತಾ "ಸೋಪು ಹಾಕ್ಲಾ?" ಅಂತ ಕೇಳಿದ. ಆಮೇಲೆ ಊಟಕ್ಕೆ ಬಿಟ್ಟರು. ಊಟ ಮಾತ್ರ ತಿಳ್ಕೊಳ್ಳೋದಾಗಿರಲಿಲ್ಲ, ನಿಜವಾಗಿಯೇ ಬಂದಿತ್ತು. ಸೂಟು ಬಿಚ್ಚುವಾಗ ಮೈದಾ ಮೆತ್ತಿದ ಕೈಯಲ್ಲೇ ತಿಂದೆವು. ಪಾಠದ ಪ್ರಕಾರ ಆವತ್ತು ನಾವೆಲ್ಲ ಸತ್ತಿದ್ದೇವೆ. ಎಲ್ಲರಿಗೂ ಪಾಸ್ ಅಂತ ಬರೆದುಕೊಟ್ಟರು.

ಸತ್ತವನ ಸಲಹೆ

ಊರಿಗೆ ಬಂದ ಮೇಲೆ ಚಾಮರಾಜನಗರದಲ್ಲಿ ಅಣಕು ಕಾರ್ಯಾಚರಣೆ ಅಂತ ಮಾಡಿದರು. ರಸ್ತೆಯಲ್ಲಿ ಗ್ಯಾಸ್ ಟ್ಯಾಂಕರ್ ಸೋರಿದರೆ ಜನರನ್ನು ಕಾಪಾಡುವುದು ಹೇಗೆ ಅಂತ. ಈ ವಿದ್ಯೆ ಕಲಿತವನು ಒಬ್ಬನಿದ್ದಾನೆ ಅಂತ ಯಾರೋ ಹೇಳಿ ನನ್ನನ್ನೂ ಕರೆಸಿದರು. ನಾಲ್ಕು ಮಾತು ಹೇಳಿಕೊಡಬಹುದು, ತಮ್ಮನಂಥವರಿಗೂ ಉಪಯೋಗ ಆಗುತ್ತೆ ಅಂತ ಶರ್ಟು ಇಸ್ತ್ರಿ ಮಾಡಿಸಿಕೊಂಡು ಹೋದೆ. ಅಧಿಕಾರಿಯೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ಹೆಣ" ಅಂದರು.

ಡಾಂಬರು ಕೆಂಡ ಆಗಿತ್ತು. ಮಲಗಿದೆ. ಹೊಗೆ ಹಚ್ಚಿದರು. ನನ್ನನ್ನು ಸ್ಟ್ರೆಚರ್‌ಗೆ ಹಾಕಿಕೊಂಡು ಓಡಿದರು, ಹೊಗೆ ಯಾವ ಕಡೆ ಹೋಗ್ತಿತ್ತೋ ಅದೇ ಕಡೆಗೆ. ಯಾಕೆಂದರೆ ಎದುರು ಕಡೆ ಶಾಮಿಯಾನ ಹಾಕಿ ದೊಡ್ಡವರಿಗೆ ಕುರ್ಚಿ ಹಾಕಿದ್ದರು. ತಡೆಯಲಾರದೆ ಕಣ್ಣುಬಿಟ್ಟು, "ಸಾರ್, ಗಾಳಿ ಈ ಕಡೆಗೇ ಬೀಸ್ತಾ ಇದೆ, ಆ ಕಡೆ ಎತ್ಕೊಂಡೋಗಿ" ಅಂದೆ.

ಅಧಿಕಾರಿ ಬಗ್ಗಿ ಮೆಲ್ಲಗೆ ಹೇಳಿದರು: "ರೀ, ಸತ್ತೋರು ಮಾತಾಡಬಾರದು. ಟೀವಿಯೋರು ಇದ್ದಾರೆ."

ಬೆರ್ಚಪ್ಪನ ಭಾಗ್ಯ

ಮೈಸೂರಿಗೆ ಹೋಗಿ ಒಂದು ಒಳ್ಳೆ ಮಾಸ್ಕ್ ತಂದೆ. ಎರಡು ಕಡೆ ಗಾಳಿ ಸೋಸೋ ಡಬ್ಬಿ ಇರೋದು, ಮುಖಕ್ಕೆ ಗಟ್ಟಿಯಾಗಿ ಕೂರೋದು. ತಮ್ಮನ ಮುಂದೆ ಹಿಡಿದು, ಯಾವ ವಿಷ ಹೇಗೆ ಒಳಗೆ ಹೋಗುತ್ತೆ, ಯಾವ ನರ ಹಿಡಿಯುತ್ತೆ, ಎಲ್ಲ ಬಿಡಿಸಿ ಹೇಳಿದೆ. ಅವನು ಕೇಳಿದ, ತಲೆ ಆಡಿಸಿದ, ತಗೊಂಡು ಹೋದ. ನನಗೆ ಆವತ್ತು ಎಷ್ಟು ನೆಮ್ಮದಿ ಅಂತೀರಿ.

ವಾರ ಬಿಟ್ಟು ನಮ್ಮ ಜೋಳದ ಹೊಲದ ಕಡೆ ಹೋದೆ. ಕಾಡಂಚಿನ ಹೊಲ, ಹಂದಿ ಕಾಟ ಜಾಸ್ತಿ. ನಡುವೆ ಹಂದಿ ಬೆದರಿಸೋ ಬೆರ್ಚಪ್ಪ ನಿಂತಿದ್ದಾನೆ, ನನ್ನ ಹಳೇ ಶರ್ಟು, ಮುಖಕ್ಕೆ ಮೈಸೂರಿನ ಮಾಸ್ಕು. ಕೇರಳದ ಕಾರೊಂದು ರಸ್ತೆ ಬದಿ ನಿಂತು ಅದರ ಫೋಟೋ ತೆಗೀತಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

"ಯಾಕ್ಲಾ ಹಿಂಗ್ ಮಾಡ್ದೆ?"

"ಅಯ್ಯೋ ಬುಡಣ್ಣ, ಅದ ಕಟ್ದಾಗಿಂದ ಒಂದ್ ಅಂದೀನೂ ಇತ್ತ ಬಂದಿಲ್ಲ ಕಣ" ಅಂದ, ಕೆಮ್ಮುತ್ತಾ. "ಇಷ್ಟೊಳ್ಳೆ ಸಾಮಾನ ನನ್ ಮೂತಿಗ್ ಯಾಕ ದಂಡ ಮಾಡೀಯೆ?"

ಸುತ್ತಮುತ್ತ ಹಳ್ಳಿಯಲ್ಲೆಲ್ಲ ವಿಷಗಾಳಿಯಿಂದ ಸಂಪೂರ್ಣ ರಕ್ಷಣೆ ಇದ್ದದ್ದು ಅವನೊಬ್ಬನಿಗೇ, ಉಸಿರಿಲ್ಲದವನಿಗೆ.

ಚೆಂಡುಹೂವಿನ ಹೊಲ

ಕೊನೆಗೆ ತಮ್ಮನ ಹೆಂಡತಿಯೇ ಅವನನ್ನು ಬಗ್ಗಿಸಿದಳು. "ಅದ ಆಕ್ಕಳ್ದೆ ಔಸ್ದಿ ಒಡದ್ರೆ ಈ ಮನ ಒಳಕ್ ಬರಬ್ಯಾಡ" ಅಂದಳು. ಅವಳ ಮಾತು ಅಂದರೆ ಮಾತೇ. ಬೆರ್ಚಪ್ಪನ ಮುಖದಿಂದ ಬಿಚ್ಚಿ, ತೊಳೆದು, ಹಾಕಿಕೊಂಡ. ಮೂಗು ಮುಚ್ಚಿದ್ದನ್ನು ಕಣ್ಣಾರೆ ನೋಡೋಣ ಅಂತ ನಾನೂ ಜೊತೆಗೆ ಹೋದೆ.

ಹೈವೇ ಪಕ್ಕದ ಚೆಂಡುಹೂವಿನ ಹೊಲ. ಒಂದು ಕಡೆ ಔಷಧಿ ಹೊಡೆಯೋದು, ಪಕ್ಕದ ಸಾಲಲ್ಲೇ ಹೆಂಗಸರು ಹೂ ಬಿಡಿಸೋದು, ನಮ್ಮ ಕಡೆ ಕೆಲಸ ಹಾಗೇ. ತಮ್ಮ ಮಾಸ್ಕ್ ಹಾಕಿಕೊಂಡು ಪಂಪು ಒತ್ತಿದ್ದೇ ತಡ, ಹೆಂಗಸರೆಲ್ಲ ಬದುವಿನ ಮೇಲೆ ಹತ್ತಿ ನಿಂತರು.

"ಇಷ್ಟ್ ದಿನ ಬರಿ ಮೂತೀಲಿ ಒಡೀತಿದ್ದ. ಇವತ್ ಮುಚ್ಕಂಡವ್ನೆ ಅಂದ್ರ ಏನೋ ಅದೆ. ನಾವ್ ಇಳಿಯಾಕಿಲ್ಲ" ಅಂದಳು ಅವರಲ್ಲಿ ಹಿರಿಯಳು.

ಹೂ ತುಂಬಿಕೊಂಡು ಫ್ಯಾಕ್ಟರಿಗೆ ಹೋಗೋ ಗಾಡಿ ಬಂದು ನಿಂತಿದೆ. ಹೊಲದ ಯಜಮಾನರು ಮರದ ನೆರಳಿಂದ ಓಡಿಬಂದರು. ನಾನು ಹೆಂಗಸರಿಗೂ ಮೂಗಿಗೆ ಕಟ್ಟಿಕೊಳ್ಳೋಕೆ ಬಟ್ಟೆ ಕೊಡಿ, ಇಲ್ಲದಿದ್ದರೆ ಅವರು ಹೋದ ಮೇಲೆ ಹೊಡೆಸಿ ಅಂದೆ. ಯಜಮಾನರು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ತಗುದಾಕ್ಲಾ ಅದ್ನ. ಹೆಣ್ಣಾಳ್ಗೋಳು ಎದ್ರುಕತಾವೆ" ಅಂದರು ತಮ್ಮನಿಗೆ. "ಅಂಗೇ ಒಡಿ, ಏನೂ ಆಗಾಕಿಲ್ಲ."

ತಮ್ಮ ನನ್ನ ಮುಖ ನೋಡಿದ. ನಾನು "ಬ್ಯಾಡ, ಇಳಿಸು ಟ್ಯಾಂಕು, ಹೋಗನ ನಡಿ" ಅಂದೆ. "ಇವತ್ ಓದ್ರೆ ನಾಳಿಕ್ ಯಾರೂ ಕರಿಯಾಕಿಲ್ಲ ಕಣಣ್ಣ" ಅಂದು ಮಾಸ್ಕ್ ಬಿಚ್ಚಿ ನನ್ನ ಕೈಗೇ ಕೊಟ್ಟ. ಹೆಂಗಸರು ನೆಮ್ಮದಿಯಿಂದ ಹೂವಿಗೆ ಇಳಿದರು. ಹೊಲದಲ್ಲಿ ಆ ವಿದ್ಯೆ ಗೊತ್ತಿದ್ದವನು ನಾನೊಬ್ಬ, ಮಾಸ್ಕ್ ಇದ್ದದ್ದೂ ನನ್ನ ಕೈಯಲ್ಲಿ. ಬದುವಿನ ಮೇಲೆ ನಿಂತು ನೋಡಿದೆ.

ಮಧ್ಯಾಹ್ನದ ಹೊತ್ತಿಗೆ ಅವನು ಸಾಲಿನ ನಡುವೆ ಕುಸಿದ. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಕಣ್ಣಪಾಪೆ ಸೂಜಿಮೊನೆಯಷ್ಟು. ಶತ್ರು ವಿಷ ಬಿಟ್ಟರೆ ಸಿಪಾಯಿ ಹೀಗಾಗ್ತಾನೆ ಅಂತ ಉಸ್ತಾದರು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದ್ದರು. ಬಟ್ಟೆ ಕಿತ್ತುಹಾಕಿ, ಪಂಪ್‌ಸೆಟ್ ನೀರಲ್ಲಿ ತೊಳೆದು, ಅದೇ ಹೂವಿನ ಗಾಡಿಯಲ್ಲಿ ಹಾಕಿಕೊಂಡು ಗುಂಡ್ಲುಪೇಟೆಗೆ, ಅಲ್ಲಿಂದ ಚಾಮರಾಜನಗರಕ್ಕೆ ಓಡಿದೆವು. ದಾರಿಯುದ್ದಕ್ಕೂ ಅವನ ಉಸಿರು ಗೊರಗೊರ ಅನ್ನುತ್ತಿತ್ತು. ನನಗೆ ಅಷ್ಟು ಭಯ ಗಡಿಯಲ್ಲೂ ಆಗಿರಲಿಲ್ಲ.

ಉಳಿದ. ಡಾಕ್ಟರ್ ಪುಣ್ಯ. ಕಣ್ಣು ಇನ್ನೂ ಮಂಜು, ಟ್ಯಾಂಕ್ ಹೊರೋದು ಇನ್ನಿಲ್ಲ ಅಂದರು. ಅವನು ಎದ್ದು ಕೂತು ಗಂಜಿ ಕುಡಿಯೋ ಹೊತ್ತಿಗೆ ಯಜಮಾನರು ನೋಡೋಕೆ ಬಂದರು. ವಾರ್ಡಿನ ಬಾಗಿಲಲ್ಲೇ ನಿಂತರು, ಮೂಗು ಬಾಯಿ ಸೇರಿಸಿ ಕರ್ಚೀಫು ಒತ್ತಿಕೊಂಡು.

"ಒಳಕ್ ಬರಾಕ್ ಆಗದಿಲ್ಲ ಕಣಪ್ಪ" ಅಂದರು ಅದರೊಳಗಿಂದಲೇ. "ಈ ಫಿನಾಯ್ಲು ವಾಸ್ನೆ ನಂಗ ತಲ ತಿರುಗ್ಸ್‌ಬುಡ್ತದೆ."

ತಮ್ಮ ಗಂಜಿ ಲೋಟ ಕೆಳಗಿಟ್ಟ.

"ಯಜಮಾನ್ರೆ, ಅದ್ನ ತಗುದ್ಬುಡಿ" ಅಂದ. "ಸಿಸ್ಟ್ರುಗೋಳು ಎದ್ರುಕತಾರೆ."

ಪಕ್ಕದ ಮಂಚದವರು ನಕ್ಕರು, ಇಂಜೆಕ್ಷನ್ ತುಂಬುತ್ತಿದ್ದ ಸಿಸ್ಟರೂ ನಕ್ಕರು. ನಾನು ನಗುತ್ತಲೇ ಅತ್ತುಬಿಟ್ಟೆ. ತಮ್ಮನ ಹೆಂಡತಿ ಒಬ್ಬಳು ನಗಲಿಲ್ಲ. ಸ್ಟೂಲು ಎಳೆದು ತಂದು, ಫಿನಾಯ್ಲಿನಿಂದ ನೆಲ ಇನ್ನೂ ಹಸಿಯಾಗಿದ್ದ ಜಾಗದಲ್ಲಿ ಹಾಕಿ, ಸೆರಗಲ್ಲಿ ಒರೆಸಿ, "ಬನ್ನಿ, ಕೂತ್ಕಳಿ. ಏನೂ ಆಗಾಕಿಲ್ಲ" ಅಂದಳು.

ಯಜಮಾನರು ನಿಂತೇ ಇದ್ದರು.