ಬೀಗರ ಮನೆಗೆ ರಿವಾಲ್ವರ್ ಸಮೇತ

ನನ್ನ ಹತ್ತಿರ ಲೈಸೆನ್ಸ್ ಇರುವ ರಿವಾಲ್ವರ್ ಇದೆಯೆಂದು ಯಾರಿಗೂ ಗೊತ್ತಾಗಬಾರದು. ಆದರೆ ನನ್ನ ನಡಿಗೆ ನೋಡಿದವರಿಗೆಲ್ಲ 'ಇವರಲ್ಲಿ ಏನೋ ಇದೆ' ಅನ್ನಿಸಬೇಕು! ಇದು ನನ್ನ ಸಿದ್ಧಾಂತ. ಚುನಾವಣೆಯ ನಿಯಮದಂತೆ ಪೊಲೀಸ್ ಠಾಣೆಗೆ ಒಪ್ಪಿಸಿದ್ದ ರಿವಾಲ್ವರ್ ಮೊನ್ನೆ ತಾನೇ ವಾಪಸ್ ಬಂದಿತ್ತು. ಭಾನುವಾರ ಮಗಳು ಸವಿತಾಳಿಗೆ ನೋಡಿದ್ದ ಗಂಡಿನ ಮನೆಗೆ, ಹೊಸದುರ್ಗದಿಂದ ಮತ್ತೋಡಿಗೆ, ನಾನೂ ಹೆಂಡತಿ ಗಿರಿಜಾಳೂ ಹೊರಟೆವು. ರಿವಾಲ್ವರನ್ನು ಸೊಂಟಕ್ಕೆ ಸಿಕ್ಕಿಸಿ ಮೇಲೆ ಜುಬ್ಬಾ ಇಳಿಬಿಟ್ಟೆ. ಕನ್ನಡಿಯಲ್ಲಿ ಏನೂ ಕಾಣಲಿಲ್ಲ. ಎಂಥ ಜಾಣ ನಾನು!

"ಬೀಗ್ರ ಮನೆಗೆ ಅದ್ಯಾಕ್ರಿ?" ಎಂದಳು ಗಿರಿಜಾ.

"ಯಾರಿಗೂ ಗೊತ್ತಾಗಲ್ಲ ಬಿಡೇ."

"ಗೊತ್ತಾಗದಿದ್ಮೇಲೆ ಯಾಕೆ?"

ಇಂಥ ಪ್ರಶ್ನೆಗೆ ಉತ್ತರಿಸುವುದು ನನ್ನ ಘನತೆಗೆ ತಕ್ಕುದಲ್ಲವೆಂದು ಕಾರು ಹತ್ತಿದೆ. ಸವಿತಾ ಕಿಟಕಿಗೆ ಬಗ್ಗಿ, "ಅಪ್ಪಾ, ಹುಡುಗ ನಂಗೆ ಇಷ್ಟ ಆಗಿದಾನೆ. ಏನೂ ಎಡವಟ್ಟು ಮಾಡ್ಬ್ಯಾಡ" ಎಂದಳು. ಆಗಲೆಂದು ಅವಳ ತಲೆ ನೇವರಿಸಿದೆ.

ಮತ್ತೋಡಿನಲ್ಲಿ ಗಂಡಿನ ತಾತ ಕರಿಯಜ್ಜ ಕಂಬಳಿ ಹಾಸಿ, "ಬರ್ರಿ, ಕುಂತ್ಕಳ್ರಿ" ಎಂದರು. ಜೀವಮಾನವಿಡೀ ಕುರಿ ಸಾಕಿದ ಹಿರಿಯರು. ಚಕ್ಕಳಮಕ್ಕಳ ಹಾಕಿ ಕೂತೆ. ಆಗ ತಿಳಿಯಿತು, ಕನ್ನಡಿ ಮುಂದೆ ನಾನು ನಿಂತು ನೋಡಿದ್ದೆನೇ ಹೊರತು ಕೂತು ನೋಡಿರಲಿಲ್ಲ! ರಿವಾಲ್ವರ್ ಜಾರಿ ಕಿಬ್ಬೊಟ್ಟೆಗೆ ಬಂದು ಚುಚ್ಚತೊಡಗಿತು. ಜುಬ್ಬಾ ಅಲ್ಲಿ ಗುಡ್ಡದಂತೆ ಎದ್ದು ನಿಂತಿತು. ಕೈ ಅಡ್ಡ ಇಟ್ಟೆ. ಎಲ್ಲರೂ ಕೈಯನ್ನೇ ನೋಡಿದರು.

"ಏನ್ರಿ ಬೀಗ್ರೆ ಅದು?" ಎಂದರು ಅಜ್ಜ.

ಗುಟ್ಟು ಬಿಡಬಾರದಲ್ಲ! "ಹರ್ನಿಯಾ" ಎಂದುಬಿಟ್ಟೆ.

ಗಿರಿಜಾ ಹಣೆ ಚಚ್ಚಿಕೊಂಡಳು. ಗಂಡಿನ ತಾಯಿಯ ಮುಖ ಸಪ್ಪಗಾಯಿತು. "ಇಷ್ಟ್ ದಪ್ಪನಾ! ನಿಮ್ ಮನೆತನದಾಗೆ ಎಲ್ರಿಗೂ ಐತಾ?"

"ಇಲ್ಲ ಇಲ್ಲ, ನನಗೊಬ್ಬನಿಗೇ!"

"ಮನಿಕ್ಕಳ್ರಿ, ನೋಡ್ತೀನಿ" ಎನ್ನುತ್ತಾ ಕರಿಯಜ್ಜ ಹತ್ತಿರ ಬಂದರು. "ಐವತ್ತು ವರ್ಷ ಕುರಿ ಹೊಟ್ಟೆ ಒತ್ತಿ ನೋಡಿರೋ ಕೈ ಇದು." ಬೇಡ ಬೇಡವೆಂದರೂ ಅಂಗಾತ ಮಲಗಿಸಿದರು. ಕುರಿಯಾದರೆ ಒದೆಯಬಹುದಿತ್ತು, ನಾನು ಬೀಗ! ಅಜ್ಜ ಜುಬ್ಬಾದ ಮೇಲೆಯೇ ಒತ್ತಿದರು. ಮತ್ತೆ ಒತ್ತಿದರು. ಬೆಚ್ಚಿಬಿದ್ದು ಕೈ ತೆಗೆದರು.

"ಲೇ, ಇವ್ರ ಹೊಟ್ಟೆ ಒಳಗೆ ಮೂಳೆ ಬೆಳೆದೈತೆ!"

"ಮದುವೆ ಮಾತು ಮುಂದಕ್ಕೆ ಹಾಕಾಣ" ಎಂದು ಗಂಡಿನ ತಾಯಿ ಗಂಡನ ಕಡೆ ತಿರುಗಿ ಪಿಸುಗುಟ್ಟಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಸವಿತಾಳಿಗೆ ಯಾವ ಮುಖ ತೋರಿಸಲಿ? ಎದ್ದು ಕೂತವನೇ ಜುಬ್ಬಾ ಎತ್ತಿಬಿಟ್ಟೆ. "ಮೂಳೆ ಅಲ್ಲ್ರಿ! ರಿವಾಲ್ವರ್!"

ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದ ಸದ್ದೂ ನಿಂತಿತು.

"ಗುಂಡು ಐತಾ?" ಎಂದರು ಅಜ್ಜ.

"ಇಲ್ಲ. ಗುಂಡು ಬೀರುವಿನಾಗೆ ಐತೆ. ಬೀರು ಕೀಲಿ ಇವಳ ಹತ್ರ ಐತೆ."

"ಮತ್ತೆ ಯಾರಿಗೆ ಹೆದ್ರಿ ಇದನ್ನ ಹೊತ್ಕಂಡು ಬಂದ್ರಿ? ವೈರಿಗಳು ಅದಾರಾ?"

ನಾನು ಬಾಯಿ ತೆರೆಯುವ ಮೊದಲೇ ಗಿರಿಜಾ ಕೈ ಮುಗಿದಳು. "ವೈರಿ ಎಲ್ಲಿಂದ ಬರ್ಬೇಕ್ರಿ ಅಜ್ಜಾರೆ? ಇವ್ರನ್ನ ಕಂಡ್ರೆ ನಮ್ ಬೀದಿ ನಾಯಿನೂ ಬೊಗಳಲ್ಲ!"

ಇಡೀ ಮನೆ ಗೊಳ್ಳೆಂದಿತು. ಗಂಡಿನ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ಕರಿಯಜ್ಜ ಮಾತ್ರ ನಗಲಿಲ್ಲ. ನನ್ನನ್ನೊಮ್ಮೆ, ಗಿರಿಜಾಳನ್ನೊಮ್ಮೆ ನಿಧಾನವಾಗಿ ನೋಡಿದರು.

"ಒಂದೇ ಮಾತು ಹೇಳ್ರಿ. ಮಗಳು ಬುದ್ಧಿಯಾಗೆ ತಾಯಿ ಥರಾನೋ, ನಿಮ್ ಥರಾನೋ?"

"ತಾಯಿ ಥರ!" ಎಂದು ಕೂಗಿದೆ.

"ಹಂಗಾರೆ ಸಂಬಂಧ ಆಗ್ಲಿ!"

ಲೈಸೆನ್ಸ್ ಬಂದು ಇಷ್ಟು ವರ್ಷವಾಯಿತು. ನಾನು ಹೊಡೆದು ಗುರಿ ಮುಟ್ಟಿಸಿದ್ದು ಆ ಒಂದು ಉತ್ತರ ಮಾತ್ರ!