ಸಿನೆಮಾದವನು ಹೇಳದೆ ಬಿಟ್ಟ ಅಪರಾಧಿ

ನನಗೆ ಹಟ ಜಾಸ್ತಿ. ಇದನ್ನು ಆತ್ಮಪ್ರಶಂಸೆ ಎಂದು ತಿಳಿಯಬೇಡಿ. ನಾನು ಹಟ ಹಿಡಿಯದೆ ಇದ್ದಿದ್ದರೆ ಸುತ್ತಲಿನವರು ಎಷ್ಟೋ ಸುಖವಾಗಿರುತ್ತಿದ್ದರು. ನಲ್ಲಿಯ ವಾಷರ್ ನಾನೇ ಬದಲಾಯಿಸುತ್ತೇನೆಂದು ಕೂತ ಭಾನುವಾರ ಇಡೀ ಕಟ್ಟಡಕ್ಕೆ ನೀರಿರಲಿಲ್ಲ. ಗೋಡೆಗೆ ಮೊಳೆ ಹೊಡೆದರೆ ಪಕ್ಕದ ಮನೆಯ ಕ್ಯಾಲೆಂಡರ್ ಬಿತ್ತು. ಎಂಬತ್ತರ ದಶಕದ ಶುರುವಿನಲ್ಲಿ, ಡೊಂಬಿವಲಿಯಲ್ಲಿದ್ದಾಗ, ಒಂದು ಸಿನೆಮಾ ನೋಡಿ ಬಂದು ಹಿಡಿದ ಹಟದ ಕತೆಯನ್ನು ನಿಮಗೆ ಮಾತ್ರ ಹೇಳುತ್ತೇನೆ.

ನಮ್ಮ ಎದುರು ಬಾಗಿಲಿನವರು ಮೋನಿಕಾ ಬಾಯಿ, ಮಂಗಳೂರಿನ ಕಡೆಯ ಕೆಥೊಲಿಕರು. ಗಂಡ ಹಡಗಿನಲ್ಲಿ, ಮಗಳು ಶೀಲಾ ಬ್ಯಾಂಕಿನಲ್ಲಿ. ನನ್ನ ಹೆಂಡತಿ ಸುಮತಿ ಉಡುಪಿಯವಳಾದ್ದರಿಂದ ಇಬ್ಬರದೂ ಹತ್ತು ವರ್ಷದ ತುಳು ಸ್ನೇಹ. ಶೀಲಾಳಿಗೆ ಪಕ್ಕದ ಊರು ಕಲ್ಯಾಣದ ಹುಡುಗ ಗೊತ್ತಾದಾಗ ಬಾಯಿ ಸುಮತಿಗೊಬ್ಬಳಿಗೇ ಹೇಳಿದ್ದರು. ಇಗರ್ಜಿಯಲ್ಲಿ ಪಾದ್ರಿಗಳು ಮೂರು ಭಾನುವಾರ ಮದುವೆಯ ಪ್ರಕಟಣೆ ಓದುತ್ತಾರೆ. ಅದಕ್ಕೆ ಮೊದಲು ಯಾರ ಕಿವಿಗೂ ಬೀಳಕೂಡದೆಂದು ಹುಡುಗನ ತಾಯಿಯ ಕಟ್ಟಪ್ಪಣೆ. ಸುಮತಿ ನನಗೊಬ್ಬನಿಗೆ ಹೇಳಿದಳು. ವಾರದೊಳಗೆ ಕಲ್ಯಾಣದಲ್ಲೆಲ್ಲ ಸುದ್ದಿ. "ಪಾದ್ರಿಗಳು ಓದುವ ಮೊದಲೇ ಊರು ಓದಿಯಾಯಿತಲ್ಲ, ಇನ್ನು ಯೋಚಿಸಬೇಕು" ಎಂದು ಹುಡುಗನ ತಾಯಿ ಹೇಳಿ ಕಳುಹಿಸಿದರು. ಬಾಯಿ ಸುಮತಿಯ ಜೊತೆ ಮಾತು ಬಿಟ್ಟರು. ಅಡುಗೆಮನೆಯಲ್ಲಿ ಸುಮತಿ ಗೋಡೆಗೆ ಮುಖ ಮಾಡಿ ಅತ್ತಳು. ಅದನ್ನು ನೋಡಿ ನನಗೆ ಬಹಳ ಸಂಕಟವಾಯಿತು.

ಆ ವಾರದ ಭಾನುವಾರ ಸಂಜೆ ಇಗರ್ಜಿಯ ಹಾಲಿನಲ್ಲಿ ಸಿನೆಮಾ. ಬಾಯಿ ಮೊದಲೇ ಪಾಸು ಕೊಟ್ಟಿದ್ದರಿಂದ ಹೋಗಲೇಬೇಕಾಯಿತು. ಒಂದೇ ಬೆಂಚಿನಲ್ಲಿ ಬಾಯಿ, ನಾನು, ಸುಮತಿ. ನಡುವಿನ ನಾನು ಗಡಿ ಕಾಯುವ ಪೊಲೀಸು. ಬಿಳಿ ಪರದೆಯ ಮೇಲೆ ಯಾವುದೋ ದೇಶದ ಕೆಥೊಲಿಕ್ ಹಳ್ಳಿ. ಒಬ್ಬ ಹುಡುಗಿ ಪಾಪನಿವೇದನೆಯಲ್ಲಿ ಹೇಳಿದ ಗುಟ್ಟು ಬೆಳಗಾಗುವುದರೊಳಗೆ ಊರಿಗೆಲ್ಲ ಗೊತ್ತಾಗಿರುತ್ತದೆ. ಬಾಯಿಬಿಟ್ಟವರು ಯಾರು? ಪಾದ್ರಿಯೇ? ಮೇಣದಬತ್ತಿ ಹಚ್ಚುವ ಮುದುಕನೇ? ಹುಡುಗಿಯ ಗೆಳತಿಯೇ? ಎರಡು ಗಂಟೆ ಎಲ್ಲರೂ ಎಲ್ಲರನ್ನೂ ಅನುಮಾನಿಸಿ, ಕೊನೆಗೆ ಪಾದ್ರಿ ಇಗರ್ಜಿಯ ಬಾಗಿಲು ಮುಚ್ಚುತ್ತಾರೆ. ಸಿನೆಮಾ ಮುಗಿಯಿತು! ಹಿಂದಿನಿಂದ ಯಾರೋ "ಅರೆ, ಪುಢಚೀ ರೀಳ ಕುಠೇ?" ಎಂದು ಮುಂದಿನ ರೀಲನ್ನು ಕೇಳಿ ಕೂಗಿದರು. ಮುಂದಿನ ರೀಲು ಇರಲೇ ಇಲ್ಲ. ನನಗೆ ಮೈಯೆಲ್ಲ ಉರಿಯಿತು. ಸಿನೆಮಾದವನು ಅಪರಾಧಿಯನ್ನು ಬಿಟ್ಟರೆ ಬಿಡಲಿ, ನಮ್ಮ ಕಟ್ಟಡದ ಅಪರಾಧಿಯನ್ನು ಹಿಡಿಯದೆ ನಾನು ಬಿಡುವುದಿಲ್ಲವೆಂದು ಅಲ್ಲೇ ನಿಶ್ಚಯಿಸಿದೆ.

ಮರುದಿನದಿಂದ ತನಿಖೆ. ಪಾವ್ ತರುವವನನ್ನು ಅಡ್ಡಪ್ರಶ್ನೆ ಕೇಳಿದೆ. ಅವನು ಎರಡು ದಿನ ನಮ್ಮ ಮನೆಗೆ ಪಾವ್ ಹಾಕಲಿಲ್ಲ. ಶೀಲಾಳ ರವಿಕೆ ಹೊಲಿಯುವವಳನ್ನು ಕೇಳಿದೆ. ಅವಳ ಗಂಡ ನನ್ನನ್ನೇ ತಿರುಗಿ ಕೇಳಿದ. ಕೊನೆಗೆ ಬೆಳಗಿನ ಲೋಕಲ್ ರೈಲಿನಲ್ಲಿ ನಮ್ಮ ಇಸ್ಪೀಟು ಮಂಡಳಿಯ ಮುಂದೆ ಕೇಸು ಇಟ್ಟೆ. ಕಲ್ಯಾಣದಿಂದಲೇ ನನಗೆ ಜಾಗ ಹಿಡಿದು ತರುತ್ತಿದ್ದ ವಿಜಾಪುರದ ಬಿರಾದಾರರು ಎಲೆ ಮಡಚಿ ನನ್ನನ್ನೇ ನೋಡಿದರು.

"ನೀವ ಹೇಳಿದ್ರಲ್ರೀ! ದಿವಾ ಸ್ಟೇಷನ್ ದಾಟಿ ಮುಂಬ್ರಾ ಬರೂದ್ರಾಗ. ಹುಡುಗನ ಅಪ್ಪ ನಮ್ಮ ಬಾಜೂ ಮನಿಯಾಂವ. ಅವತ್ತ ಸಂಜೀಕ ಹೋಗಿ ಕಂಗ್ರಾಜುಲೇಷನ್ ಹೇಳಿ, ಚಾ ಕುಡದ ಬಂದೀನಿ."

ನಾನು ಹೇಳಿದ್ದು ಹೌದು. ಆದರೆ ರೈಲಿನಲ್ಲಿ ಆಡಿದ್ದನ್ನು ನಾನು ಮಾತೆಂದೇ ಎಣಿಸಿರಲಿಲ್ಲ. ಅಲ್ಲಿ ಮಂತ್ರಿಮಂಡಲ ಬೀಳಿಸುತ್ತೇವೆ, ಮ್ಯಾನೇಜರನನ್ನು ಬಯ್ಯುತ್ತೇವೆ, ಠಾಣೆ ಸ್ಟೇಷನ್ ಬಂದರೆ ಇಳಿದು ಹೋಗುತ್ತೇವೆ. ಆ ದಿನ ಠಾಣೆಯಲ್ಲಿ ಇಳಿದ ಮೇಲೂ ಆ ಮಾತು ಬೆನ್ನು ಬಿಡಲಿಲ್ಲ. ನಾಚಿಕೆಯಾಯಿತು, ಆದರೆ ಅಪರಾಧಿಯನ್ನು ಹಿಡಿದು ಕೊಡುತ್ತೇನೆಂದವನು ನಾನೇ ತಾನೆ? ಸಂಜೆ ನೇರ ಬಾಯಿಯ ಬಾಗಿಲು ತಟ್ಟಿದೆ.

"ಬಾಯಿ, ಸುಮತಿಯದ್ದು ಏನೂ ತಪ್ಪಿಲ್ಲ. ಹೇಳಿದವನು ನಾನು."

ಬಾಯಿ ನನ್ನನ್ನು ದಿಟ್ಟಿಸಿದರು. ಕಣ್ಣು ತುಂಬಿಕೊಂಡಿತು. "ಎಂಥ ಮನಸ್ಸು ಮಾರಾಯ್ರೆ ನಿಮ್ಮದು! ಹೆಂಡತಿಯ ತಪ್ಪು ತಲೆಗೆ ಹಾಕಿಕೊಳ್ಳುವ ಗಂಡಸರು ಈಗ ಎಲ್ಲಿದ್ದಾರೆ?"

"ಅಲ್ಲ ಬಾಯಿ, ನಿಜವಾಗಿ ನಾನೇ. ರೈಲಿನಲ್ಲಿ, ಮುಂಬ್ರಾದ ಹತ್ತಿರ."

"ಸ್ಟೇಷನಿನ ಹೆಸರು ಕೂಡ ಯೋಚನೆ ಮಾಡಿ ಇಟ್ಟಿದ್ದೀರಲ್ಲ!"

"ಸಾಕ್ಷಿಗೆ ಬಿರಾದಾರರನ್ನು ಕರೆತರಲೇ?"

"ಪಾಪ, ಅವರಿಗೆ ಯಾಕೆ ಸುಳ್ಳು ಹೇಳಲಿಕ್ಕೆ ಕಲಿಸುವುದು?"

ನಾನು ಒತ್ತಿ ಹೇಳಿದಷ್ಟೂ ಮಹಾತ್ಮನಾಗುತ್ತ ಹೋದೆ. ಬಾಯಿ ಎದುರು ಮನೆಗೆ ನಡೆದು ಸುಮತಿಯನ್ನು ತಬ್ಬಿಕೊಂಡು, "ಇಂಥ ಗಂಡನ ಮುಖ ನೋಡಿ ಎಲ್ಲ ಮರೆತೆ" ಎಂದು ಅವಳು ಮಾಡದ ತಪ್ಪನ್ನು ಧಾರಾಳವಾಗಿ ಕ್ಷಮಿಸಿದರು. ಕಲ್ಯಾಣದಲ್ಲಿ ಬಿರಾದಾರರೇ ಹುಡುಗನ ತಾಯಿಯ ಕೈಕಾಲು ಹಿಡಿದು ಸಮಾಧಾನ ಮಾಡಿದ್ದರಿಂದ ಮದುವೆಯೂ ಉಳಿಯಿತು. ಮೂರು ಭಾನುವಾರ ಪ್ರಕಟಣೆ ಓದಿದರು. ಇಗರ್ಜಿಯ ಹೆಂಗಸರು ತಮ್ಮ ಗಂಡಂದಿರಿಗೆ ನನ್ನನ್ನು ತೋರಿಸಿ ಬುದ್ಧಿ ಹೇಳತೊಡಗಿದರು.

ಆ ಸಂಜೆ ಬಾಯಿ ಕಣ್ಣೊರೆಸಿಕೊಂಡು ಹೋದ ಮೇಲೆ ಸುಮತಿ ಬಾಗಿಲು ಹಾಕಿ, "ಅವರು ನಂಬಲಿಲ್ಲ ಅಂತ ಬೇಜಾರು ಮಾಡಬೇಡಿ. ನಾನು ಪೂರ್ತಿ ನಂಬಿದ್ದೇನೆ" ಎಂದಳು. ಮುಂದೆ ಆ ವಿಷಯ ಎತ್ತಲಿಲ್ಲ. ಮುಂದೆ ಯಾವ ವಿಷಯವನ್ನೂ ನನ್ನ ಬಳಿ ಎತ್ತಲಿಲ್ಲ. ಕೆಲವು ವರ್ಷಗಳ ಮೇಲೆ ನನ್ನ ಸ್ವಂತ ಮಗಳಿಗೆ ಗಂಡು ಗೊತ್ತಾದ ಸಂಗತಿ ಸುಮತಿಯಿಂದ ಬಾಯಿಗೆ, ಬಾಯಿಯಿಂದ ಕಲ್ಯಾಣದ ಅವರ ಬೀಗರಿಗೆ, ಅಲ್ಲಿಂದ ಪಕ್ಕದ ಮನೆಗೆ ಹೋಗಿ, ಬೆಳಗಿನ ಲೋಕಲಿನಲ್ಲಿ ದಿವಾ ದಾಟಿದ ಮೇಲೆ ಬಿರಾದಾರರು ನನ್ನ ಕೈ ಕುಲುಕಿದಾಗ ನನಗೆ ತಿಳಿಯಿತು.